ಬಣ್ಣದ ಬಿಲ್ಲೆಗಳ ಮೋಸ

ಜೂಜನ್ನು ಮಖಮಲ್ಲಿನ ಪೆಟ್ಟಿಗೆಯಲ್ಲಿಟ್ಟ ಮಾತ್ರಕ್ಕೆ ಅದು ಸಂಸ್ಕೃತಿಯಾಗುವುದಿಲ್ಲ. ಈ ಮಾತನ್ನು ಸ್ವಲ್ಪ ಕಟುವಾಗಿಯೇ ಹೇಳಬೇಕಾಗಿದೆ. ನಮ್ಮ ಬಸವೇಶ್ವರನಗರದ ಗೃಹಪ್ರವೇಶವೊಂದರಲ್ಲಿ ಇತ್ತೀಚೆಗೆ ಇಸ್ಪೀಟಾಟದ 'ಚಿಪ್ಸ್' ಪೆಟ್ಟಿಗೆ ಉಡುಗೊರೆಯಾಗಿ ಬಂದುದನ್ನು ಕಂಡೆ. ಒಳಗೆ ಲೋಹ ಹುದುಗಿಸಿದ, ಒಂದೊಂದೂ ಸುಮಾರು 11.5 ಗ್ರಾಂ ತೂಗುವ ಬಣ್ಣದ ಬಿಲ್ಲೆಗಳು. ಜೊತೆಗೆ, ಆಟಗಾರನು ತನ್ನ ಎಲೆಗಳ ಮೇಲಿಟ್ಟುಕೊಳ್ಳಲು ಚಿತ್ತಾರದ ನಾಣ್ಯವೊಂದು.

"ಬರೀ ಅಲಂಕಾರ, ಇದರಲ್ಲೇನು ತಪ್ಪು ಮೇಷ್ಟ್ರೇ?" ಎನ್ನುವವರಿಗೆ ನನ್ನ ಮರುಪ್ರಶ್ನೆ: ಈ ಬಿಲ್ಲೆ ಯಾತಕ್ಕೆ? ಎಣಿಕೆಗೆಂದಾದರೆ ಒಂದು ಹಿಡಿ ಹುಣಸೆಬೀಜ ಸಾಕು. ಹಣವಿಟ್ಟು ಆಡುವಲ್ಲಿ ಬಿಲ್ಲೆಯ ನಿಜವಾದ ಕೆಲಸ ಹಣವನ್ನು ಕಣ್ಣಿಂದ ಮರೆಮಾಡುವುದು. ವಿಜಯನಗರದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಹೆಂಡತಿಯ ಸರವನ್ನು ಅಡವಿಟ್ಟು ಆಡಿದ ಮೇಲೆ ನನ್ನೆದುರು ಕುಳಿತು ಹೇಳಿದ: "ಸಾರ್, ಐನೂರರ ನೋಟು ಎತ್ತಿಡುವಾಗ ಕೈ ನಡುಗುತ್ತಿತ್ತು, ಬಿಲ್ಲೆಗೆ ನಡುಗಲಿಲ್ಲ." ಇದಕ್ಕಿಂತ ಸ್ಪಷ್ಟವಾದ ವಿವರಣೆ ನನಗೆ ಬೇಕಿಲ್ಲ.

ರಮ್ಮಿ ಕೌಶಲದ ಆಟವೆಂದು ಸರ್ವೋಚ್ಚ ನ್ಯಾಯಾಲಯವೇ ಹೇಳಿದೆಯಲ್ಲ ಎಂದು ಕೆಲವರು ವಾದಿಸುವುದುಂಟು. ನಿಜ, 1967ರಲ್ಲಿ ಆಂಧ್ರಪ್ರದೇಶದ ಪ್ರಕರಣವೊಂದರಲ್ಲಿ ಹಾಗೆ ಹೇಳಿತು. ಆದರೆ ಅದೇ ತೀರ್ಪು, 'ಫ್ಲಷ್' ಮುಂತಾದ ಹೆಸರಿನ ಮೂರೆಲೆಯಾಟವು ಕೇವಲ ಅದೃಷ್ಟದ್ದೆಂದೂ ಹೇಳಿತು. ದೀಪಾವಳಿಯ ರಾತ್ರಿ ಈ ಬಿಲ್ಲೆಗಳನ್ನು ಸುರಿದುಕೊಂಡು ಆಡುವ ಆಟ ಯಾವುದೆಂದು ಓದುಗರಿಗೆ ನಾನು ಹೇಳಬೇಕೆ?

ಬಿಲ್ಲೆಯ ಮರ್ಮ ಶಾಸನಕರ್ತರಿಗೂ ಗೊತ್ತಿದೆ. ನಮ್ಮ ರಾಜ್ಯದ 2021ರ ಪೊಲೀಸ್ ತಿದ್ದುಪಡಿ ಕಾಯ್ದೆಯು ಹಣ ಕೊಟ್ಟು ಪಡೆದ ಟೋಕನ್ನನ್ನೂ ಪಣದ ವ್ಯಾಖ್ಯೆಗೆ ಸೇರಿಸಿತ್ತು. 2022ರ ಫೆಬ್ರವರಿಯಲ್ಲಿ ಹೈಕೋರ್ಟು ಆ ತಿದ್ದುಪಡಿಯ ಕಲಮುಗಳನ್ನು ರದ್ದುಗೊಳಿಸಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಕಾಯ್ದೆಯೂ ಹಣಕ್ಕೆ ಸಮವಾದ ನಾಣ್ಯ, ಟೋಕನ್‌ಗಳನ್ನು ಪಣವೆಂದೇ ಎಣಿಸುತ್ತದೆ. ಆದರೆ ಅದು ಅಂತರ್ಜಾಲದ ಆಟಗಳಿಗೆ ಸಂಬಂಧಿಸಿದ್ದು. ನಮ್ಮ ನಡುಮನೆಯ ಮೇಜಿಗೆ ನಮ್ಮ ವಿವೇಕವೇ ಕಾವಲು.

ಆಟಕ್ಕೆ ಅಂದ ಬೇಡವೆಂದು ನಾನು ಹೇಳುತ್ತಿಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಬೆಳೆದ ಮೈಸೂರು ಗಂಜೀಫಾ ಎಲೆಗಳಿಗಿಂತ ಅಂದವಾದ ಎಲೆಗಳುಂಟೆ? ಅಲ್ಲಿನ ಚಿತ್ತಾರ ದೇವದೇವತೆಗಳನ್ನು ಕಣ್ಣಿಗೆ ತಂದಿತು. ಇಲ್ಲಿನ ಚಿತ್ತಾರ ಕಳೆದುಕೊಂಡ ಸಂಬಳವನ್ನು ಕಣ್ಣಿಂದ ಮರೆಸುತ್ತದೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು.

ಆಡುವ ಆಸೆಯಿದ್ದರೆ ಹುಣಸೆಬೀಜವಿಟ್ಟು ಆಡಿ. ಹಣವಿಟ್ಟೇ ಆಡುವ ಹಟವಿದ್ದರೆ ನೋಟುಗಳನ್ನೇ ಮೇಜಿನ ಮೇಲಿಡಿ, ಮನೆಮಂದಿಯೆಲ್ಲ ನೋಡಲಿ.