ಐರಿಶ್ ಸ್ಟೂಗೆ ಎಳೆ ಮರಿ ಯಾಕೆ? ಮುದಿ ಕುರಿ ಹಾಕಿ

ಮೊಬೈಲಿನಲ್ಲಿ 'ಐರಿಶ್ ಸ್ಟೂ' ಅಂತ ಹುಡುಕಿ ನೋಡಿ. ಬರುವ ವಿಡಿಯೋಗಳಲ್ಲಿ ಎಳೆ ಕುರಿಮರಿಯ ತೊಡೆ ಮಾಂಸ ಇರುತ್ತದೆ, ಮೂಳೆ ಇರುವುದಿಲ್ಲ. ಕೆಂಪು ವೈನೋ ಕಪ್ಪು ಬಿಯರೋ ಒಂದು ಬಾಟಲಿ ಸುರಿಯುತ್ತಾರೆ. ಬೆಣ್ಣೆ, ಟೊಮೇಟೊ ಪೇಸ್ಟು, ಅಂಗಡಿಯಿಂದ ತಂದ ಸ್ಟಾಕ್ ಕ್ಯೂಬು, ನಮ್ಮ ಸಂತೆಯಲ್ಲಿ ಹೆಸರೇ ಕೇಳದ ನಾಲ್ಕು ಸೊಪ್ಪು. ಕೊನೆಗೆ ಒಂದು ಚಮಚ ಬಾಯಿಗಿಟ್ಟು, ಕಣ್ಣು ಮುಚ್ಚಿ, 'ಇದು ಐರ್ಲೆಂಡಿನ ಅಪ್ಪಟ ಹಳ್ಳಿ ಊಟ' ಅನ್ನುತ್ತಾರೆ.

ಯಾವ ಹಳ್ಳಿ ಸ್ವಾಮಿ?

ನಮ್ಮ ತಕರಾರು ರುಚಿಯ ಮೇಲೆ ಅಲ್ಲ. ಅದು ರುಚಿಯಾಗಿಯೇ ಇರಬಹುದು. ತಕರಾರು ಇರುವುದು ಹೆಸರಿನ ಮೇಲೆ. ಬಡವರ ಗಡಿಗೆಯಲ್ಲಿ ಹುಟ್ಟಿದ ಅಡುಗೆಯ ಹೆಸರು ಇಟ್ಟುಕೊಂಡು, ಅದರೊಳಗಿನ ಒಂದೊಂದೇ ಸಾಮಾನು ತೆಗೆದು ದುಬಾರಿಯದ್ದು ಹಾಕಿ, 'ಹಳ್ಳಿ' ಅನ್ನುವ ಚೀಟಿ ಮಾತ್ರ ಹಾಗೇ ಉಳಿಸಿಕೊಂಡಿದ್ದಾರೆ. ಇದನ್ನು ನೋಡಿದ ನಮ್ಮ ಊರಿನ ಹುಡುಗ ಹುಡುಗಿಯರು 'ಇದೆಲ್ಲ ನಮ್ಮ ಕೈಲಿ ಆಗೋದಲ್ಲ, ಓವನ್ ಬೇಕು, ವೈನ್ ಬೇಕು' ಅಂತ ಮುಂದಿನ ವಿಡಿಯೋಗೆ ಹೋಗುತ್ತಾರೆ. ನಿಜ ಹೇಳಬೇಕೆಂದರೆ ಈ ಅಡುಗೆಗೆ ಬೇಕಾದ್ದೆಲ್ಲ ನಮ್ಮ ಯಾವ ಹೋಬಳಿ ಸಂತೆಯಲ್ಲೂ ಸಿಗುತ್ತದೆ.

ಹಳೇ ಕಾಲದ ಐರಿಶ್ ಸ್ಟೂನಲ್ಲಿ ಇದ್ದದ್ದು ಇಷ್ಟೇ: ಕುರಿ ಮಾಂಸ, ಆಲೂಗಡ್ಡೆ, ಈರುಳ್ಳಿ, ಉಪ್ಪು, ನೀರು. ಇದ್ದವರು ಒಂದಿಷ್ಟು ಕಾಳುಮೆಣಸು ಹಾಕುತ್ತಿದ್ದರು, ಒಂದು ಹಿಡಿ ಬಾರ್ಲಿ ಹಾಕುತ್ತಿದ್ದರು. ಕ್ಯಾರೆಟ್ ಹಾಕಬೇಕೋ ಬೇಡವೋ ಅಂತ ಅಲ್ಲಿ ಇವತ್ತಿಗೂ ಜಗಳ ಇದೆ. ನಮ್ಮಲ್ಲಿ ಬಸ್ಸಾರಿಗೆ ಯಾವ ಕಾಳು ಅಂತ ಮನೆಮನೆಗೂ ಬೇರೆ ಬೇರೆ ನ್ಯಾಯ ಇರುವ ಹಾಗೆ. ಕುರಿ ಅಂದರೆ ಎಳೆ ಮರಿಯೂ ಅಲ್ಲ. ಮರಿ ಹಾಕುವುದು ನಿಂತ, ಉಣ್ಣೆ ಕಡಿಮೆಯಾದ, ಇನ್ನು ಇಟ್ಟುಕೊಂಡರೆ ಮೇವಿಗೇ ನಷ್ಟ ಅನ್ನುವ ಮುದಿ ಕುರಿ. ಒಳ್ಳೆಯ ಮರಿಗಳನ್ನು ಮಾರಬೇಕಿತ್ತು, ಆ ದುಡ್ಡು ಜಮೀನಿನ ಗೇಣಿಗೆ ಹೋಗುತ್ತಿತ್ತು. ಮನೆಗೆ ಉಳಿಯುತ್ತಿದ್ದದ್ದು ಗಟ್ಟಿ ಮಾಂಸ, ಕುತ್ತಿಗೆ, ಮೂಳೆ. ಗಟ್ಟಿ ಮಾಂಸ ಮೆತ್ತಗಾಗಲು ಹೊತ್ತು ಬೇಕು. ಅದಕ್ಕೇ ಗಡಿಗೆ ಗಂಟೆಗಟ್ಟಲೆ ಸಣ್ಣ ಉರಿಯ ಮೇಲೆ ಕೂರುತ್ತಿತ್ತು. ಈ ಅಡುಗೆಯ ಕ್ರಮ ಹುಟ್ಟಿದ್ದೇ ಬಡತನದಿಂದ.

ಅಲ್ಲಿನ ಕಡುಬಡವರಿಗೆ ಈ ಸ್ಟೂ ಕೂಡ ದಿನದ ಊಟ ಆಗಿರಲಿಲ್ಲ ಅನ್ನುವುದನ್ನೂ ಹೇಳಲೇಬೇಕು. 1845ಕ್ಕೆ ಮುಂಚೆ ಐರ್ಲೆಂಡಿನಲ್ಲಿ ಸುಮಾರು 30 ಲಕ್ಷ ಜನ ಬರೀ ಆಲೂಗಡ್ಡೆ ನಂಬಿ ಬದುಕುತ್ತಿದ್ದರು. ಕೂಲಿ ಮಾಡುವ ಗಂಡಾಳು ದಿನಕ್ಕೆ ಐದಾರು ಕೆ.ಜಿ. ಆಲೂಗಡ್ಡೆ ತಿನ್ನುತ್ತಿದ್ದ, ಜೊತೆಗೆ ಮಜ್ಜಿಗೆ. ಮಾಂಸ ಕಾಣುತ್ತಿದ್ದದ್ದು ಹಬ್ಬಕ್ಕೆ.

ಆ ವರ್ಷ ಬೆಳೆಗೆ ರೋಗ ಬಿತ್ತು. ಎಲೆ ಕಪ್ಪಾಗಿ, ಗಡ್ಡೆ ಮಣ್ಣಿನಲ್ಲೇ ಕೊಳೆತು ನಾರಿತು. ಹಾಸನದ ಕಡೆ ಆಲೂಗಡ್ಡೆ ಬೆಳೆದವರಿಗೆ ಇದನ್ನು ವಿವರಿಸಬೇಕಿಲ್ಲ. ನಾವು ಅಂಗಮಾರಿ ಅನ್ನುತ್ತೇವಲ್ಲ, ಅದೇ ರೋಗ, ಅದೇ ರೋಗಾಣು. ಮೋಡ ಕಟ್ಟಿ, ತುಂತುರು ಹಿಡಿದು, ತಂಪು ಬಿದ್ದರೆ ನಾಲ್ಕೈದು ದಿನದಲ್ಲಿ ಹೊಲ ಸುಟ್ಟ ಹಾಗೆ ಆಗುವುದನ್ನು ಹಾಸನದವರು ಕಣ್ಣಾರೆ ಕಂಡಿದ್ದಾರೆ. ನಮ್ಮಲ್ಲಿ ಆಲೂಗಡ್ಡೆ ಹೋದರೆ ಸಾಲ ಉಳಿಯುತ್ತದೆ, ರಾಗಿಯೂ ಇರುತ್ತದೆ. ಅವರಿಗೆ ಬೇರೇನೂ ಇರಲಿಲ್ಲ. ಮುಂದಿನ ಐದಾರು ವರ್ಷದಲ್ಲಿ ಸುಮಾರು 10 ಲಕ್ಷ ಜನ ಹಸಿವು ಮತ್ತು ಜ್ವರದಲ್ಲಿ ಸತ್ತರು. ಅದಕ್ಕೂ ಹೆಚ್ಚು ಜನ ಹಡಗು ಹತ್ತಿ ದೇಶ ಬಿಟ್ಟರು. 1841ರ ಜನಗಣತಿಯಲ್ಲಿ 81 ಲಕ್ಷ ದಾಟಿದ್ದ ಜನಸಂಖ್ಯೆ 1851ಕ್ಕೆ 65 ಲಕ್ಷಕ್ಕೆ ಇಳಿದಿತ್ತು.

ಆಗಲೂ ಅಲ್ಲಿನ ಬಂದರುಗಳಿಂದ ದನ, ಬೆಣ್ಣೆ, ಧಾನ್ಯ ಇಂಗ್ಲೆಂಡಿಗೆ ಹೋಗುತ್ತಲೇ ಇತ್ತು. ಮೂವತ್ತು ವರ್ಷದ ನಂತರ, 1876ರಿಂದ 78ರ ಧಾತು ಈಶ್ವರ ಬರದಲ್ಲಿ ಮೈಸೂರು ಸೀಮೆಯ ಜನ ಸಾಯುತ್ತಿದ್ದಾಗಲೂ ಇಂಡಿಯಾದಿಂದ ಧಾನ್ಯದ ಹಡಗು ನಿಲ್ಲಲಿಲ್ಲ. ಎರಡೂ ಕಡೆ ಆಳುತ್ತಿದ್ದದ್ದು ಒಂದೇ ಸರ್ಕಾರ, ಕೊಟ್ಟ ಕಾರಣವೂ ಒಂದೇ: ವ್ಯಾಪಾರಕ್ಕೆ ಅಡ್ಡಿ ಮಾಡಬಾರದು. (ಐರ್ಲೆಂಡಿನ ಬರಕ್ಕೆ ಕಲ್ಕತ್ತದಲ್ಲಿ ಹಣ ಎತ್ತಿ ಕಳಿಸಿದ್ದರು. ಇದು ನಮ್ಮ ಪಾಠದ ಪುಸ್ತಕದಲ್ಲಿ ಇರಬೇಕಿತ್ತು.)

1847ರಲ್ಲಿ ಒಂದು ಕಾನೂನು ಬಂತು. ಕಾಲು ಎಕರೆಗಿಂತ ಹೆಚ್ಚು ಭೂಮಿ ಇಟ್ಟುಕೊಂಡವರಿಗೆ ಸರ್ಕಾರದ ಪರಿಹಾರ ಇಲ್ಲ ಅಂತ. ಕಾಲು ಎಕರೆ ಅಂದರೆ ನಮ್ಮ ಲೆಕ್ಕದಲ್ಲಿ ಹತ್ತು ಗುಂಟೆ. ಹನ್ನೊಂದು ಗುಂಟೆ ಗೇಣಿಗೆ ಹಿಡಿದವನು ಮಕ್ಕಳಿಗೆ ಗಂಜಿ ಬೇಕೆಂದರೆ ಭೂಮಿ ಬಿಟ್ಟುಕೊಡಬೇಕಿತ್ತು. ಅದೇ ವರ್ಷ ಏಪ್ರಿಲ್‌ನಲ್ಲಿ ಲಂಡನ್ನಿನ ಹೆಸರಾಂತ ಬಾಣಸಿಗ ಅಲೆಕ್ಸಿಸ್ ಸೋಯರ್ ಡಬ್ಲಿನ್ನಿಗೆ ಬಂದು ಮಾದರಿ ಗಂಜಿ ಕೇಂದ್ರ ತೆರೆದ. ಅವನ ಒಂದು ಸೂಪಿನ ಲೆಕ್ಕ ಹೀಗಿತ್ತು: ಸುಮಾರು 9 ಲೀಟರ್ ನೀರಿಗೆ ಕಾಲು ಪೌಂಡ್ ದನದ ಮಾಂಸ. ಹೆಚ್ಚೆಂದರೆ 115 ಗ್ರಾಂ. ಮೇಜಿಗೆ ಚಮಚಗಳನ್ನು ಸರಪಳಿಯಲ್ಲಿ ಕಟ್ಟಿದ್ದರು. ಗಂಟೆ ಬಾರಿಸಿದರೆ ಒಂದು ತಂಡ ಒಳಗೆ, ಮತ್ತೆ ಬಾರಿಸಿದರೆ ಹೊರಗೆ. ಊರಿನ ಶ್ರೀಮಂತರು ಐದು ಶಿಲ್ಲಿಂಗ್ ಕೊಟ್ಟು ಹಸಿದವರು ಉಣ್ಣುವುದನ್ನು ನೋಡಲು ಬಂದರು. ಆ ಬೇಸಿಗೆಯಲ್ಲಿ ಸರ್ಕಾರದ ಗಂಜಿ ಕೇಂದ್ರಗಳು ದಿನಕ್ಕೆ 30 ಲಕ್ಷ ಜನಕ್ಕೆ ಉಣ್ಣಿಸಿದವು ಅನ್ನುವುದೂ ಸತ್ಯ. ಆದರೆ ಅದೇ ವರ್ಷ ಚಳಿಗಾಲ ಬರುವ ಮೊದಲೇ ಮುಚ್ಚಿಬಿಟ್ಟರು.

ಬರ ಮುಗಿದ ಮೇಲೆ ಕುರಿಯ ಕಥೆ ಬರುತ್ತದೆ. ಸತ್ತವರ, ಊರು ಬಿಟ್ಟವರ ತುಂಡು ಜಮೀನುಗಳನ್ನು ಸೇರಿಸಿ ಜಮೀನ್ದಾರರು ಹುಲ್ಲುಗಾವಲು ಮಾಡಿದರು. ಗೇಣಿದಾರನಿಗಿಂತ ಕುರಿ ಲಾಭ. ಡೊನೆಗಲ್ ಜಿಲ್ಲೆಯ ಡೆರ್ರಿವೇ ಅನ್ನುವಲ್ಲಿ ಜಾನ್ ಜಾರ್ಜ್ ಅಡೇರ್ ಎಂಬ ಜಮೀನ್ದಾರ ಬೆಟ್ಟದ ಮೇಲೆ ಸ್ಕಾಟ್ಲೆಂಡಿನ ಕುರಿ ಬಿಟ್ಟ. ಒಕ್ಕಲುಗಳ ಜೊತೆ ಜಗಳ ಹತ್ತಿತು, ಅವನ ಮೇಸ್ತ್ರಿಯ ಕೊಲೆಯಾಯಿತು. ಕೊಂದವರು ಯಾರೆಂದು ಸಾಬೀತಾಗಲಿಲ್ಲ. 1861ರ ಏಪ್ರಿಲ್‌ನಲ್ಲಿ ಪೊಲೀಸರನ್ನು ಕರೆತಂದು 244 ಜನರನ್ನು ಮನೆಯಿಂದ ಹೊರಹಾಕಿ ಮನೆಗಳನ್ನು ಕೆಡವಿಸಿದ. ಆಮೇಲೆ ಅಲ್ಲೇ ಹತ್ತಿರ ಒಂದು ಕೋಟೆಮನೆ ಕಟ್ಟಿಸಿದ. ಈಗ ಅದು ರಾಷ್ಟ್ರೀಯ ಉದ್ಯಾನದೊಳಗಿದೆ, ಪ್ರವಾಸಿಗರು ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ.

ಈ ದೇಶದ ಕುರಿ ಸಾರಿಗೆ ವೈನ್ ಸುರಿದು 'ಹೊಟ್ಟೆ ತುಂಬ ಸಂತೋಷ' ಅಂತ ತಲೆಬರಹ ಕೊಟ್ಟರೆ ನಮಗೆ ಸಿಟ್ಟು ಬರದೆ ಇರುತ್ತದೆಯೇ?

'ಕಾಲ ಬದಲಾಗಿದೆ, ಅಡುಗೆಯೂ ಬದಲಾಗುತ್ತದೆ' ಅಂತ ಕೆಲವರು ಹೇಳುತ್ತಾರೆ. ಒಪ್ಪಿದೆವು. ಕೇರಳದವರು ಇಂಗ್ಲಿಷರ ಸ್ಟೂ ತೆಗೆದುಕೊಂಡು, ತೆಂಗಿನ ಹಾಲು, ಹಸಿಮೆಣಸು, ಕರಿಬೇವು ಹಾಕಿ ಅಪ್ಪದ ಜೊತೆ ಇಟ್ಟರು. ಆದರೆ ಹೆಸರನ್ನೂ ತಮ್ಮ ನಾಲಿಗೆಗೆ ತಕ್ಕಂತೆ 'ಇಷ್ಟು' ಅಂತ ಮಾಡಿಕೊಂಡರು. ಇದೇ ಐರ್ಲೆಂಡಿನ ಅಪ್ಪಟ ಊಟ ಅಂತ ಯಾರಿಗೂ ಟೋಪಿ ಹಾಕಲಿಲ್ಲ. ಬದಲಾಯಿಸುವುದಾದರೆ ಹಾಗೆ ಬದಲಾಯಿಸಿ.

ಇನ್ನು ಶೆಫರ್ಡ್ಸ್ ಪೈ. ಕನ್ನಡದಲ್ಲಿ ಹೇಳಿದರೆ ಕುರಿಗಾಹಿಯ ಪೈ. ಐರ್ಲೆಂಡಿನ ಪಟ್ಟಿಯಲ್ಲಿ ಸೇರಿಸಿ ಮಾರುತ್ತಾರೆ, ಆದರೆ ಇದು ಇಂಗ್ಲೆಂಡು, ಸ್ಕಾಟ್ಲೆಂಡುಗಳಲ್ಲೂ ಅಷ್ಟೇ ಹಳೆಯದು. 'ಕಾಟೇಜ್ ಪೈ' ಅನ್ನುವ ಹೆಸರು 1791ರಲ್ಲೇ ಇಂಗ್ಲೆಂಡಿನ ಒಬ್ಬ ಪಾದ್ರಿಯ ದಿನಚರಿಯಲ್ಲಿ ಸಿಗುತ್ತದೆ. ಶೆಫರ್ಡ್ಸ್ ಪೈ ಹೆಸರು ಬಂದದ್ದು ಅದಕ್ಕಿಂತ ಎಷ್ಟೋ ವರ್ಷ ಆಮೇಲೆ. ಭಾನುವಾರ ಹುರಿದ ಮಾಂಸ ಉಳಿದರೆ ಸೋಮವಾರ ಅದನ್ನು ಸಣ್ಣಗೆ ಕೊಚ್ಚಿ, ಮೇಲೆ ಹಿಸುಕಿದ ಆಲೂಗಡ್ಡೆ ಹಚ್ಚಿ ಕೆಂಪಗೆ ಮಾಡುವುದು, ಅಷ್ಟೇ. ಉಳಿದ ಮಾಂಸ ಇರಬೇಕಾದರೆ ಮೊದಲು ಇಡೀ ತೊಡೆ ಹುರಿಯುವಷ್ಟು ಅನುಕೂಲ ಇರಬೇಕು. ಮಳೆಯಲ್ಲಿ ಬೆಟ್ಟ ಕಾಯುವ ಕುರಿಗಾಹಿಯ ಮನೆಯಲ್ಲಿ ಅದು ಎಲ್ಲಿಂದ ಬರಬೇಕು? ಹೆಸರು ಅವನದು, ಉಂಡವರು ಬೇರೆಯವರು. ನಮ್ಮಲ್ಲೂ ಕಂಬಳಿ ಹೊದ್ದ ಮುದುಕರ ಚಿತ್ರ ಗೋಡೆಗೆ ಹಾಕಿಕೊಂಡು ದುಬಾರಿ ಬೆಲೆಗೆ ಮುದ್ದೆ ಮಾರುವ ಹೋಟೆಲುಗಳು ಇವೆಯಲ್ಲ.

ನಮಗೆ ಇದರಿಂದ ಏನು ಅಂತ ಕೇಳಬಹುದು. ಸಂತೆಯಲ್ಲಿ ಮುದಿ ಕುರಿಗೆ ಎಳೆ ಟಗರಿನ ಬೆಲೆ ಸಿಗುವುದಿಲ್ಲ. ಕುರಿ ಸಾಕಿದ ಎಲ್ಲರಿಗೂ ಇದು ಗೊತ್ತು. 'ಎಳೇದೇ ಬೇಕು, ಬೇಗ ಬೇಯಬೇಕು' ಅನ್ನುವ ಗಿರಾಕಿ ಹೆಚ್ಚಾದಷ್ಟೂ ವ್ಯಾಪಾರಿ ಮುದಿ ಕುರಿಯ ಬೆಲೆ ಇಳಿಸುತ್ತಾನೆ. ಆರೇಳು ವರ್ಷ ಮರಿ ಕೊಟ್ಟ ಕುರಿ ಕೊನೆಗೆ ಮೂರುಕಾಸಿಗೆ ಹೋಗುತ್ತದೆ. ಬನ್ನೂರು ಕುರಿಯ ಎಳೆ ಮಾಂಸ ಹೊಗಳುವವರು ಹೊಗಳಲಿ, ಅದು ಹೊಗಳಿಕೆಗೆ ತಕ್ಕದ್ದೇ. ಮುದಿ ಕುರಿಯ ಕುತ್ತಿಗೆಯಲ್ಲೂ ರುಚಿ ಇದೆ ಅಂತ ತಿಳಿದ ಅಡುಗೆಮನೆ ಇದ್ದರೆ, ಆ ರುಚಿಯ ಬೆಲೆ ಸಾಕಿದವನಿಗೆ ಒಂದಿಷ್ಟಾದರೂ ಮುಟ್ಟುತ್ತದೆ. ಐರ್ಲೆಂಡಿನ ಬಡವರಿಂದ ಕಲಿಯಬೇಕಾದ್ದು ಈ ತಿಳುವಳಿಕೆ. ಅದನ್ನೇ ವಿಡಿಯೋದವರು ಕಿತ್ತು ಎಸೆದಿದ್ದಾರೆ.

ಮಾಡುವುದು ಹೀಗೆ. ಒಂದು ಕೆ.ಜಿ. ಕುರಿ ಮಾಂಸ, ಕುತ್ತಿಗೆ ಮತ್ತು ಮೂಳೆ ಸೇರಿ. ಒಂದೂವರೆ ಕೆ.ಜಿ. ಆಲೂಗಡ್ಡೆ, ಅರ್ಧ ಕೆ.ಜಿ. ಈರುಳ್ಳಿ. ಎಣ್ಣೆ ಬೇಡ, ಹುರಿಯುವುದೂ ಬೇಡ. ಆಲೂಗಡ್ಡೆಯಲ್ಲಿ ಅರ್ಧ ತೆಳ್ಳಗೆ ಹೆಚ್ಚಿ ತಳಕ್ಕೆ ಹಾಸಿ, ಅದು ಕರಗಿ ಸಾರು ಗಟ್ಟಿ ಮಾಡುತ್ತದೆ. ಮೇಲೆ ಮಾಂಸ, ಈರುಳ್ಳಿ, ಉಪ್ಪು, ಜಜ್ಜಿದ ಕಾಳುಮೆಣಸು. ಮುಳುಗುವಷ್ಟು ನೀರು. ಒಂದು ಕುದಿ ಬಂದ ಮೇಲೆ ಉರಿ ಸಣ್ಣ ಮಾಡಿ, ಮುಚ್ಚಳ ಮುಚ್ಚಿ, ಒಂದೂವರೆ ಗಂಟೆ ಬಿಡಿ. ಆಮೇಲೆ ಉಳಿದ ಆಲೂಗಡ್ಡೆಯನ್ನು ದಪ್ಪ ತುಂಡು ಮಾಡಿ ಹಾಕಿ ಇನ್ನೊಂದು ಮುಕ್ಕಾಲು ಗಂಟೆ. ಮುದಿ ಕುರಿಯಾದರೆ ಇನ್ನೂ ಹೆಚ್ಚು ಹೊತ್ತು ಹಿಡಿಯಬಹುದು, ಮಾಂಸ ಮೂಳೆ ಬಿಡುವವರೆಗೆ ಕಾಯಿರಿ. ಕುಕ್ಕರಿನಲ್ಲಿ ಬೇಗ ಆಗುತ್ತದೆ, ಆದರೆ ಆಲೂಗಡ್ಡೆಯನ್ನು ಕೊನೆಗೆ ಮುಚ್ಚಳ ತೆಗೆದು ಬೇಯಿಸಿ, ಇಲ್ಲದಿದ್ದರೆ ಎಲ್ಲ ಹಿಟ್ಟು. ನಿಮ್ಮ ಊರಿನ ಅಂಗಡಿಯಲ್ಲಿ ಮೇಕೆ ಮಾತ್ರ ಸಿಕ್ಕರೆ ಒಂದು ತುಂಡು ಕೊಬ್ಬು ಕೇಳಿ ಹಾಕಿಸಿಕೊಳ್ಳಿ.

'ಖಾರ ಇಲ್ಲ, ಮಸಾಲೆ ಇಲ್ಲ, ಸಪ್ಪೆ' ಅನ್ನುವವರಿಗೆ: ಕಾಲು ಸೂಪು ಕುಡಿಯುವಾಗ ನಿಮಗೆ ಗರಂ ಮಸಾಲೆ ನೆನಪಾಗುತ್ತದೆಯೇ? ಮೂಳೆ, ಉಪ್ಪು, ಮೆಣಸು, ಹೊತ್ತು. ಅದೇ ಲೆಕ್ಕ.

ಪೈ ಮಾಡಲು ಓವನ್ ಬೇಕೇ ಬೇಕು ಅನ್ನುವುದೂ ಸುಳ್ಳು. ಐರ್ಲೆಂಡಿನ ಹಳ್ಳಿಮನೆಗಳಲ್ಲಿ ಓವನ್ ಎಲ್ಲಿತ್ತು? ಕಬ್ಬಿಣದ ದಪ್ಪ ಪಾತ್ರೆಯನ್ನು ಒಲೆಯ ಮೇಲಿಟ್ಟು ಮುಚ್ಚಳದ ಮೇಲೂ ಕೆಂಡ ಹರಡುತ್ತಿದ್ದರು. ಉರುವಲಿಗೆ ಜೌಗಿನಿಂದ ಕಡಿದು ಒಣಗಿಸಿದ ಮಣ್ಣಿನ ಹೆಂಟೆ, ನಮ್ಮ ಬೆರಣಿಯ ಹಾಗೆ. ಸೌದೆ ಒಲೆ ಇರುವ ಮನೆಯಲ್ಲಿ ಇವತ್ತೂ ಇದು ಆಗುತ್ತದೆ. ಸ್ಟೂ ಮರುದಿನಕ್ಕೆ ಉಳಿದರೆ ಮೂಳೆ ತೆಗೆದು, ಮಾಂಸ ಬಿಡಿಸಿ, ಸಾರು ಇಂಗಿಸಿ ದಪ್ಪ ತಳದ ಪಾತ್ರೆಗೆ ಹಾಕಿ. ಮೇಲೆ ಹಿಸುಕಿದ ಆಲೂಗಡ್ಡೆ ಹಚ್ಚಿ, ಮುಳ್ಳುಚಮಚದಲ್ಲಿ ಗೆರೆ ಎಳೆಯಿರಿ, ಕೆಂಪಾಗುವುದು ಆ ಗೆರೆಗಳೇ. ಕಬ್ಬಿಣದ ಮುಚ್ಚಳ ಮುಚ್ಚಿ ಮೇಲೆ ಕೆಂಡ ಹರಡಿ, ಕೆಳಗೆ ಉರಿ ತೀರಾ ಕಡಿಮೆ ಇರಲಿ. ಇಪ್ಪತ್ತು ನಿಮಿಷ ಸಾಕು. ಮುಚ್ಚಳ ಎತ್ತುವಾಗ ಬೂದಿ ಒಳಗೆ ಬೀಳದಂತೆ ನೋಡಿಕೊಳ್ಳಿ.