ಆಂಗ್ಲ ಪ್ರಬಂಧರಚನೆ ಮತ್ತು ಉತ್ತಮ ಶ್ರೇಣಿಯ ಮಾರ್ಗ

‘ಪ್ರಬಂಧ’ವೆಂಬ ಪದಕ್ಕೆ ಚೆನ್ನಾಗಿ ಕಟ್ಟಲ್ಪಟ್ಟದ್ದು ಎಂಬುದೇ ವ್ಯುತ್ಪತ್ತಿಸಿದ್ಧವಾದ ಅರ್ಥ. ಬಿಡಿಹೂಗಳು ಎಷ್ಟೇ ಸುಗಂಧಯುಕ್ತವಾಗಿದ್ದರೂ ದಾರವಿಲ್ಲದೆ ಮಾಲೆಯಾಗಲಾರವು. ಈ ಸರಳ ಸಂಗತಿಯನ್ನು ಮರೆತ ಕಾರಣದಿಂದಲೇ ನಮ್ಮ ನಾಡಿನಿಂದ ಅಮೆರಿಕಕ್ಕೆ ವ್ಯಾಸಂಗಾರ್ಥವಾಗಿ ತೆರಳುವ ಬುದ್ಧಿವಂತ ತರುಣ ತರುಣಿಯರು ಕೆಲವರು, ಗಣಿತ ವಿಜ್ಞಾನಗಳಲ್ಲಿ ಅಗ್ರಪಂಕ್ತಿಯಲ್ಲಿದ್ದೂ, ಅಲ್ಲಿನ ಕಾಲೇಜಿನ ಮೊದಲ ವರ್ಷದ ಇಂಗ್ಲಿಷ್ ಪ್ರಬಂಧರಚನೆಯ ತರಗತಿಯಲ್ಲಿ ಎಡವುತ್ತಾರೆ. ‘ಎ’ ಶ್ರೇಣಿಯನ್ನು ನಿರೀಕ್ಷಿಸಿದ್ದವರ ಕೈಗೆ ‘ಸಿ’ ಬಂದಾಗ ತಮ್ಮ ಇಂಗ್ಲಿಷೇ ಸಾಲದೆಂದು ಕುಗ್ಗಿ ನಿಘಂಟಿನ ಮೊರೆಹೊಗುತ್ತಾರೆ. ರೋಗ ಒಂದು, ಔಷಧ ಮತ್ತೊಂದು.

ಈ ತರಗತಿಯು ಹುಟ್ಟಿದ ಬಗೆಯನ್ನು ನೋಡಿದರೆ ಭಯಕ್ಕೆ ಎಡೆಯಿಲ್ಲ. ಹಾರ್ವರ್ಡ್ ಕಾಲೇಜು 1874ರಲ್ಲಿ ಪ್ರವೇಶಾರ್ಥಿಗಳಿಗೆ ಇಂಗ್ಲಿಷಿನಲ್ಲಿ ಒಂದು ಪ್ರಬಂಧ ಬರೆಯುವ ಪರೀಕ್ಷೆಯನ್ನಿಟ್ಟಿತು. ಇಂಗ್ಲಿಷನ್ನು ತೊಟ್ಟಿಲಿನಲ್ಲಿಯೇ ಕಲಿತ ಹುಡುಗರ ಬರೆಹವನ್ನು ಕಂಡು ಅಧ್ಯಾಪಕರು ಅಸಮಾಧಾನಗೊಂಡರು. ಆಡಮ್ಸ್ ಶರ್ಮನ್ ಹಿಲ್ ಎಂಬ ಪ್ರಾಧ್ಯಾಪಕರ ಶ್ರಮದಿಂದ 1885ರಲ್ಲಿ ಮೊದಲ ವರ್ಷದವರಿಗಾಗಿ ‘ಇಂಗ್ಲಿಷ್ ಎ’ ಎಂಬ ಪಾಠಕ್ರಮ ನೆಲೆಗೊಂಡಿತು. ಮುಂದೆ ಅದರ ಮಾದರಿಯು ಆ ದೇಶದ ಇತರ ಕಾಲೇಜುಗಳಿಗೂ ಹಬ್ಬಿತು. ಅಂದರೆ, ಈ ತರಗತಿಯು ಪರದೇಶಿಯರ ಭಾಷೆಯನ್ನು ತೂಗಲೆಂದು ಹುಟ್ಟಿದ್ದಲ್ಲ. ಭಾಷೆ ಬಲ್ಲವರಿಗೂ ಬರೆಯಲು ಬಾರದು ಎಂಬ ಅರಿವಿನಿಂದ ಹುಟ್ಟಿದ್ದು. ಹುಬ್ಬಳ್ಳಿಯ ಹುಡುಗನೂ ಬೋಸ್ಟನ್ನಿನ ಹುಡುಗನೂ ಅಲ್ಲಿ ಒಂದೇ ಪಂಕ್ತಿಯಲ್ಲಿ ಕುಳಿತ ವಿದ್ಯಾರ್ಥಿಗಳು.

ಹಾಗಾದರೆ ಅಲ್ಲಿನ ಅಧ್ಯಾಪಕರು ಅಪೇಕ್ಷಿಸುವುದೇನು? ಮೊಟ್ಟಮೊದಲಾಗಿ, ವಿವಾದಕ್ಕೆ ಆಸ್ಪದವುಳ್ಳ ಒಂದು ಪ್ರತಿಜ್ಞೆ. ಇದನ್ನೇ ಅವರು ‘ಥೀಸಿಸ್’ ಎನ್ನುತ್ತಾರೆ. “ಮೊಬೈಲಿನಿಂದ ಲಾಭವೂ ಉಂಟು, ಹಾನಿಯೂ ಉಂಟು” ಎಂದು ಬರೆದರೆ ಯಾರೂ ಅಲ್ಲಗಳೆಯರು. ಆದಕಾರಣವೇ ಅದು ಪ್ರತಿಜ್ಞೆಯಲ್ಲ. “ತರಗತಿಯಲ್ಲಿ ಮೊಬೈಲನ್ನು ನಿಷೇಧಿಸಿದ ಮಾತ್ರಕ್ಕೆ ವಿದ್ಯಾರ್ಥಿಯ ಗಮನ ಹೆಚ್ಚದು, ಗಮನಭಂಗದ ಮೂಲ ಪಾಠಕ್ರಮದಲ್ಲಿಯೇ ಇದೆ” ಎಂದರೆ ಒಪ್ಪದವರು ಎದ್ದುನಿಲ್ಲುತ್ತಾರೆ. ಅವರು ಎದ್ದುನಿಂತಾಗಲೇ ಪ್ರಬಂಧಕ್ಕೆ ಪ್ರಾಣ ಬರುತ್ತದೆ. ನಮ್ಮ ಶಾಲೆಗಳಲ್ಲಿ ಮಾರ್ಗದರ್ಶಿ ಪುಸ್ತಕಗಳಿಂದ ಉರುಹೊಡೆಸುವ ‘ಪೀಠಿಕೆ, ವಿಷಯ ವಿಸ್ತಾರ, ಉಪಸಂಹಾರ’ಗಳ ಪ್ರಬಂಧದಲ್ಲಿ ಪ್ರತಿಜ್ಞೆಗೆ ಸ್ಥಳವೇ ಇಲ್ಲ. ಹಸುವಿಗೆ ನಾಲ್ಕು ಕಾಲುಗಳಿವೆಯೆಂಬುದನ್ನು ಯಾವ ವಾದಿ ತಾನೆ ಖಂಡಿಸಿಯಾನು!

ಸೋಜಿಗವೆಂದರೆ, ಅಮೆರಿಕದ ಅಧ್ಯಾಪಕರು ಕೇಳುವುದನ್ನು ನಮ್ಮ ನ್ಯಾಯಶಾಸ್ತ್ರವು ಎಂದೋ ವಿಧಿಸಿದೆ. ಪ್ರತಿಜ್ಞೆ, ಹೇತು, ಉದಾಹರಣೆ, ಉಪನಯ, ನಿಗಮನ ಎಂಬ ಪಂಚಾವಯವಗಳನ್ನು ತರ್ಕ ಓದಿದವರೆಲ್ಲ ಬಲ್ಲರು. ಬೆಟ್ಟದ ಮೇಲೆ ಬೆಂಕಿಯಿದೆ ಎನ್ನುವುದು ಪ್ರತಿಜ್ಞೆ. ಹೊಗೆ ಕಾಣುತ್ತಿರುವುದು ಹೇತು. ಹೊಗೆಯಿದ್ದಲ್ಲಿ ಬೆಂಕಿಯಿರುವುದಕ್ಕೆ ಅಡುಗೆಮನೆ ಉದಾಹರಣೆ. (ಪ್ರೌಢಶಾಲೆಗಳಲ್ಲಿ ಹೇಳಿಕೊಡುವ ಐದು ಪ್ಯಾರಾಗಳ ಪ್ರಬಂಧಕ್ಕೂ ಇದಕ್ಕೂ ಸಂಬಂಧವಿಲ್ಲ, ಆ ಅಚ್ಚಿನ ಬೆಲ್ಲವನ್ನು ಕಾಲೇಜಿನ ಅಧ್ಯಾಪಕರು ಹೆಚ್ಚಾಗಿ ಮೆಚ್ಚುವುದಿಲ್ಲ.) ವಿದ್ಯಾರ್ಥಿಗಳು ಸೋಲುವುದು ನಾಲ್ಕನೆಯದರಲ್ಲಿ, ಅಂದರೆ ಉಪನಯದಲ್ಲಿ. ಅಡುಗೆಮನೆಯ ಮಾತನ್ನು ಹೇಳಿ ಮುಗಿಸಿಬಿಡುತ್ತಾರೆ; ಅಂಥದೇ ಹೊಗೆ ಈ ಬೆಟ್ಟದಲ್ಲಿಯೂ ಇದೆಯೆಂದು ಮರಳಿ ತಂದು ಜೋಡಿಸುವುದಿಲ್ಲ. ಯಾವನೋ ವಿದ್ವಾಂಸನ ನಾಲ್ಕು ಸಾಲುಗಳನ್ನು ಉದ್ಧರಿಸಿ, ಅವು ತಮ್ಮ ಪ್ರತಿಜ್ಞೆಯನ್ನು ಹೇಗೆ ಎತ್ತಿಹಿಡಿಯುತ್ತವೆ ಎಂಬುದನ್ನು ಒಂದು ವಾಕ್ಯದಲ್ಲಿಯೂ ವಿವರಿಸದೆ ಮುಂದಿನ ಪ್ಯಾರಾಕ್ಕೆ ಹಾರುತ್ತಾರೆ. ಉದ್ಧರಣೆಯು ತಾನಾಗಿಯೇ ಮಾತನಾಡುತ್ತದೆಂಬ ಭ್ರಮೆ! ‘ಬಿ’ ಶ್ರೇಣಿಯ ಪ್ರಬಂಧಕ್ಕೂ ‘ಎ’ ಶ್ರೇಣಿಯದಕ್ಕೂ ಇರುವ ಅಂತರವು ಬಹುಮಟ್ಟಿಗೆ ಈ ಉಪನಯದ ಎರಡು ಮೂರು ವಾಕ್ಯಗಳಲ್ಲಿ ಅಡಗಿದೆ. ಪೂರ್ವಪಕ್ಷವನ್ನು ಅದರ ಬಲದೊಡನೆಯೇ ಮಂಡಿಸಿ ಬಳಿಕ ಉತ್ತರಿಸುವುದೂ ಅಷ್ಟೇ ಮುಖ್ಯ. ಎದುರಾಳಿಯನ್ನು ಹುಲ್ಲಿನ ಬೊಂಬೆಯಾಗಿಸಿ ಕೆಡವಿದರೆ ಓದುವವರು ನಗುತ್ತಾರೆ.

ಇನ್ನು ತಿದ್ದುವಿಕೆ. ನ್ಯಾನ್ಸಿ ಸಾಮರ್ಸ್ ಎಂಬ ವಿದುಷಿ 1980ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇಪ್ಪತ್ತು ಮಂದಿ ವಿದ್ಯಾರ್ಥಿಗಳನ್ನೂ ಇಪ್ಪತ್ತು ಮಂದಿ ನುರಿತ ಬರೆಹಗಾರರನ್ನೂ ಹೋಲಿಸಿ ನೋಡಿದರು. ವಿದ್ಯಾರ್ಥಿಗಳಿಗೆ ತಿದ್ದುವುದೆಂದರೆ ಒಂದು ಪದವನ್ನು ತೆಗೆದು ಮತ್ತೊಂದನ್ನಿಡುವುದು. ನುರಿತವರಿಗಾದರೋ ತಮ್ಮ ವಾದದ ಆಕಾರವೇನೆಂದು ಹುಡುಕುವುದು. ನಿಘಂಟಿನಿಂದ ಭಾರಿ ಪದಗಳನ್ನು ಹೆಕ್ಕಿ ತುಂಬುವ ಹುಡುಗನು ತಿದ್ದುತ್ತಿಲ್ಲ, ಒಡೆದ ಗೋಡೆಗೆ ಸುಣ್ಣ ಬಳಿಯುತ್ತಿದ್ದಾನೆ. ಗಡುವಿಗೆ ಒಂದು ವಾರ ಮೊದಲೇ ಕರಡನ್ನು ಮುಗಿಸಿ, ಎರಡು ದಿನ ಅದನ್ನು ಮುಟ್ಟದೆ, ಬಳಿಕ ಗಟ್ಟಿಯಾಗಿ ಓದಿ, ಪ್ರತಿಯೊಂದು ಪ್ಯಾರಾವೂ ಪ್ರತಿಜ್ಞೆಗೆ ಏನು ಮಾಡಿತು ಎಂದು ಅಂಚಿನಲ್ಲಿ ಬರೆದುಕೊಂಡರೆ ಸಾಲದ ಭಾಗಗಳು ತಾವೇ ಎದ್ದುಕಾಣುತ್ತವೆ. ಅಲ್ಲಿನ ಕಾಲೇಜುಗಳಲ್ಲಿ ಅಧ್ಯಾಪಕರು ವಿದ್ಯಾರ್ಥಿಗಳಿಗೆಂದೇ ಮೀಸಲಿಟ್ಟ ಭೇಟಿಯ ವೇಳೆಯಿರುತ್ತದೆ. ಅನೇಕ ಕಡೆ ಬರೆವಣಿಗೆಯ ಕೇಂದ್ರವೂ ಇರುತ್ತದೆ. ಗುರುವಿನ ಬಾಗಿಲಲ್ಲಿ ನಿಂತು ಪ್ರಶ್ನಿಸುವುದು ಅವಿನಯವೆಂದು ನಮ್ಮ ಮಕ್ಕಳು ಹಿಂಜರಿಯುತ್ತಾರೆ. ಆ ದೇಶದಲ್ಲಿ ಹೋಗದಿರುವುದೇ ಅನಾಸಕ್ತಿಯೆನಿಸುತ್ತದೆ.

ವ್ಯಾಕರಣದೋಷಗಳ ವಿಷಯದಲ್ಲಿ ಮೀನಾ ಶಾನೆಸಿಯವರ ಕೃತಿಯನ್ನು ನೆನೆಯಬೇಕು. ನ್ಯೂಯಾರ್ಕಿನ ಸಿಟಿ ಕಾಲೇಜು 1970ರಲ್ಲಿ ಎಲ್ಲರಿಗೂ ಬಾಗಿಲು ತೆರೆದಾಗ ಬಂದ ಬಡ ಮನೆತನಗಳ ವಿದ್ಯಾರ್ಥಿಗಳ ಸುಮಾರು 4,000 ಪ್ರಬಂಧಗಳನ್ನು ಪರಿಶೀಲಿಸಿ, ಅವರ ತಪ್ಪುಗಳು ಅಡ್ಡಾದಿಡ್ಡಿಯಲ್ಲ, ಅವುಗಳಿಗೂ ಒಂದು ಕ್ರಮವಿದೆ ಎಂದು ಅವರು 1977ರಲ್ಲಿ ತೋರಿಸಿಕೊಟ್ಟರು. ಕನ್ನಡಿಗರಿಗೂ ಈ ಮಾತು ಸಲ್ಲುತ್ತದೆ. ಕನ್ನಡದಲ್ಲಿ ‘ಎ’, ‘ದಿ’ ಎಂಬ ಉಪಪದಗಳಿಲ್ಲ. ಇಂಗ್ಲಿಷು ನಾಮಪದದ ಮುಂದೆ ಇಡುವ ಸಣ್ಣ ಪದಗಳ ಕೆಲಸವನ್ನು ನಮ್ಮಲ್ಲಿ ಹಿಂದೆ ಹತ್ತುವ ವಿಭಕ್ತಿಪ್ರತ್ಯಯಗಳು ಮಾಡುತ್ತವೆ. ಕ್ರಿಯಾಪದ ಸಾಮಾನ್ಯವಾಗಿ ವಾಕ್ಯಾಂತ್ಯಕ್ಕೆ ಬರುತ್ತದೆ. ತಪ್ಪುಗಳು ಬಹುವಾಗಿ ಈ ಸಂಧಿಸ್ಥಾನಗಳಲ್ಲಿಯೇ ಆಗುತ್ತವೆ. ತನ್ನ ತಪ್ಪುಗಳನ್ನು ಒಂದು ಸಣ್ಣ ಪುಸ್ತಕದಲ್ಲಿ ಬಗೆಬಗೆಯಾಗಿ ಬರೆದಿಟ್ಟುಕೊಂಡ ವಿದ್ಯಾರ್ಥಿಗೆ ನೂರು ತಪ್ಪುಗಳು ಮೂರು ನಾಲ್ಕೇ ಎಂದು ಗೋಚರಿಸುತ್ತದೆ.

ಪರರ ಮಾತನ್ನು ಹೆಸರಿಸದೆ ಬಳಸುವುದು ಅಲ್ಲಿ ಘೋರಾಪರಾಧ; ಆ ಪಾಠಕ್ರಮದಲ್ಲಿಯೇ ಅನುತ್ತೀರ್ಣನಾಗುವ ಸಂಭವವುಂಟು. ಹಿರಿಯರ ಮಾತನ್ನು ಹಾಗೆಯೇ ಒಪ್ಪಿಸುವುದು ಗೌರವವಲ್ಲವೆ ಎನ್ನುವವರಿದ್ದಾರೆ. ಮೂಲವಿಲ್ಲದ್ದನ್ನು ಬರೆಯೆನೆಂದು ಸಾರಿದ ವ್ಯಾಖ್ಯಾನಕಾರ ಮಲ್ಲಿನಾಥನು ಬೇರೆ ಬೇರೆ ಕೋಶಕಾರರನ್ನು ಹೆಸರಿಸಿಯೇ ಮುಂದುವರಿದನೆಂಬುದನ್ನು ಅವರು ಗಮನಿಸಲಿ. 2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಯಂತ್ರದಿಂದ ಬರೆಸುವ ಆಮಿಷವೂ ಸೇರಿಕೊಂಡಿದೆ. ಅದನ್ನು ಎಷ್ಟರಮಟ್ಟಿಗೆ ಬಳಸಬಹುದೆಂಬ ನಿಯಮ ಅಧ್ಯಾಪಕರಿಂದ ಅಧ್ಯಾಪಕರಿಗೆ ಬೇರೆಯಾಗಿರುವುದರಿಂದ ಮೊದಲೇ ಕೇಳಿ ತಿಳಿಯುವುದು ಕ್ಷೇಮ. ತರಗತಿಯಲ್ಲಿಯೇ ಕುಳ್ಳಿರಿಸಿ ಕೈಯಿಂದ ಬರೆಸುವ ಅಧ್ಯಾಪಕರೂ ಇದ್ದಾರೆ. ಅಲ್ಲಿ ಯಂತ್ರವು ಜೊತೆಗೆ ಬಾರದು.

ಸೆಮಿಸ್ಟರಿನ ಮೊದಲ ದಿನ ಕೊಡುವ ಸಿಲಬಸ್ಸಿನಲ್ಲಿ ಯಾವ ಪ್ರಬಂಧಕ್ಕೆ ಎಷ್ಟು ಅಂಕ, ತಡವಾದರೆ ಎಷ್ಟು ಕಡಿತ, ಮರಳಿ ಬರೆಯಲು ಅವಕಾಶವುಂಟೆ ಎಂಬುದೆಲ್ಲ ಸಾಮಾನ್ಯವಾಗಿ ಮುದ್ರಿತವಾಗಿರುತ್ತದೆ. ಮೊದಲ ಪ್ರಬಂಧವು ತಿದ್ದಿ ಮರಳಿ ಬಂದಾಗ ವಿದ್ಯಾರ್ಥಿಗಳು ಮೇಲಿನ ಅಕ್ಷರವೊಂದನ್ನೇ ನೋಡಿ ಕಾಗದವನ್ನು ಮಡಿಸಿಡುತ್ತಾರೆ. ಅಂಚಿನಲ್ಲಿ ಅಧ್ಯಾಪಕರು ಬರೆದ “ಇದರಿಂದೇನು?”, “ಹೇಗೆ?” ಎಂಬ ಪ್ರಶ್ನೆಗಳು ಓದದೆಯೇ ಉಳಿಯುತ್ತವೆ. ಎರಡನೆಯ ಪ್ರಬಂಧದಲ್ಲಿ ಅಧ್ಯಾಪಕರು ಮೊದಲು ಹುಡುಕುವುದು ಆ ಪ್ರಶ್ನೆಗಳ ಉತ್ತರವನ್ನೇ.