ಬೆಲೆಯಿಲ್ಲದ ಮಂತ್ರ

ಕೈಯೆತ್ತಿದರೆ ಬೆಂಕಿ, ಕಣ್ಣು ಕೆಂಪಾದರೆ ಸಿಡಿಲು. ಮಾಂತ್ರಿಕನೆಂದೊಡನೆ ಜನರ ಮನಸ್ಸಿನಲ್ಲಿ ಮೂಡುವ ಚಿತ್ರ ಇದು. ಕತ್ತಿ ಹಿಡಿದು ಬೆವರು ಸುರಿಸುವ ಗೊಡವೆಯಿಲ್ಲದೆ ಒಂದು ಮಾತಿನಿಂದ ಹಗೆಯನ್ನು ಕೆಡಹುವ ಸೌಕರ್ಯ ಯಾರಿಗೆ ಬೇಡ? ಕಲ್ಪಿತ ಲೋಕವೊಂದರಲ್ಲಿ ಒಂದು ಪಾತ್ರವನ್ನು ತಾಳಿ, ಅದನ್ನು ಹಂತಹಂತವಾಗಿ ಬೆಳೆಸುವ ವಿಡಿಯೋ ಆಟಗಳಲ್ಲಿ ಎಷ್ಟೋ ತರುಣರು ಮಾಂತ್ರಿಕನ ವೇಷವನ್ನೇ ಆರಿಸಿಕೊಳ್ಳುವುದು ಈ ಆಸೆಯಿಂದಲೇ. ಆದರೆ ವೇಷ ಧರಿಸಿದ ಅರ್ಧ ಗಂಟೆಯೊಳಗೆ ಅವರಿಗೊಂದು ಸತ್ಯ ಗೋಚರವಾಗುತ್ತದೆ: ಆ ಲೋಕದಲ್ಲಿ ಮಾಂತ್ರಿಕನಷ್ಟು ಬಡವ ಮತ್ತೊಬ್ಬನಿಲ್ಲ.

ಅಮೆರಿಕದ ಬೆಥೆಸ್ಡಾ ಸಂಸ್ಥೆಯವರು 2011ರ ನವೆಂಬರ್ 11ರಂದು ಹೊರತಂದ ‘ಸ್ಕೈರಿಮ್’ ಎಂಬ ಆಟವನ್ನೇ ನೋಡಬಹುದು. ಹಿಮಾವೃತವಾದ ಪರ್ವತಗಳ ನಾಡು ಅದು. ಡ್ರ್ಯಾಗನ್ನುಗಳು ಮರಳಿ ಬಂದು ಕಾಡುತ್ತಿರುವ ಕಾಲ. ಆಟಗಾರನು ಹತ್ತು ಕುಲಗಳಲ್ಲಿ ಒಂದನ್ನು ಆರಿಸಿಕೊಂಡು ಅಲ್ಲಿ ಪ್ರವೇಶಿಸುತ್ತಾನೆ. ಒಟ್ಟು 18 ವಿದ್ಯೆಗಳು. ಅವುಗಳಲ್ಲಿ ಆರು ಮಂತ್ರಕ್ಕೆ ಸೇರಿದವು. ಯಾವ ವಿದ್ಯೆಯೂ ಬಳಸಿದಷ್ಟೂ ಬೆಳೆಯುತ್ತದೆ, ಬಳಸದಿದ್ದರೆ ಇದ್ದಲ್ಲೇ ಇರುತ್ತದೆ. ‘ಹಾಡುತ್ತಾ ಹಾಡುತ್ತಾ ರಾಗ’ ಎಂಬ ಗಾದೆಯನ್ನು ಲೆಕ್ಕದ ಪುಸ್ತಕಕ್ಕೆ ಇಳಿಸಿದಂತೆ!

ಸಾಮಾನ್ಯ ಪಾತ್ರವೊಂದು ಮೂರು ಬಂಡವಾಳಗಳೊಡನೆ ಹೊರಡುತ್ತದೆ: ಪ್ರಾಣಬಲ 100, ದೇಹತ್ರಾಣ 100, ಮಂತ್ರಶಕ್ತಿ 100. ಒಂದು ಹಂತ ಮೇಲೇರಿದಾಗ ಸಿಕ್ಕುವುದು ಹತ್ತು ಅಂಶ ಮಾತ್ರ. ಅದನ್ನು ಮೂರರಲ್ಲಿ ಒಂದಕ್ಕೇ ಹಾಕಬೇಕು. ಸಂಬಳ ಬಂದ ದಿನ ಬಾಡಿಗೆಗೆ, ದಿನಸಿಗೆ, ಮಕ್ಕಳ ಶುಲ್ಕಕ್ಕೆ ಎಂದು ಹಣವನ್ನು ಬೇರೆ ಬೇರೆ ಡಬ್ಬಿಗಳಲ್ಲಿ ಇಡುವ ಗೃಹಿಣಿಗೆ ಈ ಸಂಕಟವನ್ನು ವಿವರಿಸಬೇಕಾಗಿಲ್ಲ. ಮಂತ್ರಶಕ್ತಿಗೇ ಎಲ್ಲವನ್ನೂ ಸುರಿದವನು ತೋಳದ ಒಂದೆರಡು ಕಚ್ಚಿಗೆ ಬಲಿಯಾಗುತ್ತಾನೆ. ಪ್ರಾಣಬಲಕ್ಕೇ ಸುರಿದವನು ನಾಲ್ಕು ಉರಿ ಕಾರಿ ಕೈ ಬರಿದಾಗಿ ನಿಲ್ಲುತ್ತಾನೆ.

ಹೊಸಬರು ಮೊದಲು ಕೈಹಾಕುವುದು ‘ಡಿಸ್ಟ್ರಕ್ಷನ್’ ಎಂಬ ಸಂಹಾರವಿದ್ಯೆಗೆ. ಇಲ್ಲಿಯೇ ಆಟದ ಒಂದು ವೈಚಿತ್ರ್ಯವಿದೆ. ಖಡ್ಗಧಾರಿಯ ವಿದ್ಯೆ ಬೆಳೆದಂತೆ ಅವನ ಏಟಿನ ತೀವ್ರತೆಯೂ ಬೆಳೆಯುತ್ತದೆ. ಮಾಂತ್ರಿಕನ ವಿದ್ಯೆ ಬೆಳೆದರೆ ಬೆಂಕಿ ಹೆಚ್ಚಾಗಿ ಸುಡುವುದಿಲ್ಲ, ಅದಕ್ಕೆ ತಗಲುವ ಖರ್ಚು ಮಾತ್ರ ಇಳಿಯುತ್ತದೆ. ಸುಡುವ ಬಲ ಏರಬೇಕಾದರೆ ‘ಪರ್ಕ್’ ಎಂಬ ವಿಶೇಷ ಸಾಮರ್ಥ್ಯವನ್ನು ಗಳಿಸಬೇಕು; ಅದರಿಂದಲೂ ಶೇಕಡಾ 50ಕ್ಕಿಂತ ಮೀರದು. ಒಂದೇ ಮಂತ್ರವನ್ನು ಎರಡು ಕೈಗಳಿಂದ ಒಟ್ಟಿಗೆ ಪ್ರಯೋಗಿಸುವ ಉಪಾಯವೂ ಉಂಟು, ಫಲ 2.2 ಪಟ್ಟು, ಖರ್ಚು 2.8 ಪಟ್ಟು. ನಷ್ಟದ ವ್ಯಾಪಾರವೆಂದು ತೋರಿದರೂ ‘ಇಂಪ್ಯಾಕ್ಟ್’ ಎಂಬ ಸಾಮರ್ಥ್ಯವಿದ್ದರೆ ಆ ಜೋಡಿ ಏಟಿಗೆ ಡ್ರ್ಯಾಗನ್ ಸಹ ತತ್ತರಿಸುತ್ತದೆ. ತತ್ತರಿಸುವವನು ತಿರುಗಿ ಹೊಡೆಯಲಾರನಷ್ಟೆ!

ಆದುದರಿಂದ ಬಲ್ಲವರು ಸಂಹಾರವೊಂದನ್ನೇ ನಂಬುವುದಿಲ್ಲ. ಆವಾಹನವಿದ್ಯೆಯಿಂದ ಅಗ್ನಿಭೂತವೊಂದನ್ನು ಕರೆದು ಮುಂದೆ ನಿಲ್ಲಿಸಿ ತಾವು ಹಿಂದೆ ಉಳಿಯುತ್ತಾರೆ. ಮೋಹನವಿದ್ಯೆಯಿಂದ ಹಗೆಗಳೇ ಪರಸ್ಪರ ಕಾದಾಡುವಂತೆ ಮಾಡುತ್ತಾರೆ. ಪರಿವರ್ತನವಿದ್ಯೆಯಿಂದ ತಮ್ಮ ಚರ್ಮವನ್ನೇ ಮರದಂತೆ, ಕಲ್ಲಿನಂತೆ ಗಟ್ಟಿಮಾಡಿಕೊಳ್ಳುತ್ತಾರೆ. ಕವಚ ತೊಡದೆ ಬರಿಯ ನಿಲುವಂಗಿಯಲ್ಲಿರುವವನಿಗೆ ಈ ರಕ್ಷೆ ಮೂರು ಪಟ್ಟಿನವರೆಗೆ ಬಲಿಯುವಂತೆ ಸಾಧಿಸಬಹುದು. ಮಾಂತ್ರಿಕನ ಸೊಗಸೆಲ್ಲ ಈ ಹೊಂದಾಣಿಕೆಯಲ್ಲಿದೆ. ಕೊರತೆಯೇ ಅವನ ಗುರು.

ಆದರೆ ಆರನೆಯ ವಿದ್ಯೆಯೊಂದು ಉಳಿಯಿತು. ‘ಎನ್‌ಚಾಂಟಿಂಗ್’ ಎಂದರೆ ವಸ್ತುಗಳಿಗೆ ಮಂತ್ರವನ್ನು ತುಂಬುವುದು. ಈ ವಿದ್ಯೆ 100ಕ್ಕೆ ಮುಟ್ಟಿ, ಅದರ ವಿಶೇಷ ಸಾಮರ್ಥ್ಯಗಳೂ ಕೂಡಿಬಂದಾಗ, ಒಂದು ಉಡುಪು ಸಂಹಾರಮಂತ್ರದ ಖರ್ಚನ್ನು ಶೇಕಡಾ 25ರಷ್ಟು ತಗ್ಗಿಸಬಲ್ಲುದು. ಶಿರಸ್ತ್ರಾಣ, ನಿಲುವಂಗಿ, ಉಂಗುರ, ಕಂಠಹಾರ: ನಾಲ್ಕು ಇಪ್ಪತ್ತೈದು ನೂರು. ಖರ್ಚು ಸೊನ್ನೆ! ಅಂದಿನಿಂದ ಬೆಂಕಿ ನಿಲ್ಲುವುದಿಲ್ಲ, ಶಕ್ತಿ ಕುಂದುವುದಿಲ್ಲ. ಬಡವನು ಕುಬೇರನಾದ.

ಈ ಕುಬೇರಪದವಿಗೆ ಎರಡು ಶಾಪಗಳು ಅಂಟಿಕೊಂಡಿವೆ. ಮೊದಲನೆಯದು, ರುಚಿ ಕೆಡುವುದು. ಎಲ್ಲಿ ಎಷ್ಟು ವ್ಯಯಿಸಬೇಕು, ಯಾವಾಗ ಹಿಂದೆ ಸರಿಯಬೇಕು ಎಂಬ ವಿವೇಚನೆಗೆ ಇನ್ನು ಕೆಲಸವಿಲ್ಲ. ಹತ್ತಾರು ಗಂಟೆ ಜಾಣತನದಿಂದ ಬದುಕಿದ ಮಾಂತ್ರಿಕ ಈಗ ನಲ್ಲಿಯನ್ನು ತಿರುಗಿಸಿಟ್ಟು ನಿಂತ ಮನುಷ್ಯನಂತೆ ಕಾಣುತ್ತಾನೆ.

ಎರಡನೆಯದು ಇನ್ನೂ ಗಹನವಾದದ್ದು. ವಸ್ತುವಿಗೆ ಮಂತ್ರ ತುಂಬಬೇಕಾದರೆ ಒಂದು ಆತ್ಮ ಬೇಕು. ಸಾಯುವ ಜೀವಿಯ ಆತ್ಮವನ್ನು ರತ್ನದೊಳಗೆ ಸೆರೆಹಿಡಿದು, ಆ ರತ್ನವನ್ನು ವ್ಯಯಮಾಡಬೇಕು. ಅಜ್ಜಿಕತೆಯ ಮಾಂತ್ರಿಕನು ಏಳು ಸಮುದ್ರದಾಚೆಯ ಗಿಣಿಯಲ್ಲಿ ಅಡಗಿಸಿಟ್ಟದ್ದು ತನ್ನ ಪ್ರಾಣವನ್ನು. ಇವನು ಕಲ್ಲಿನಲ್ಲಿಡುವುದು ಪರರ ಪ್ರಾಣವನ್ನು. ಅತ್ಯುತ್ತಮವಾದ ಮಂತ್ರಲೇಪಕ್ಕೆ ಅತಿ ದೊಡ್ಡ ಆತ್ಮವೇ ಆಗಬೇಕು. ಮಹಾಗಜವೊಂದರಿಂದ ಅದು ದೊರೆಯುತ್ತದೆ. ಕಪ್ಪು ರತ್ನವಿದ್ದರೆ ಯಾವನೋ ದಾರಿಯ ಕಳ್ಳನಿಂದಲೂ ದೊರೆಯುತ್ತದೆ. ಎರಡನೆಯದು ಸುಲಭ. ಮಂತ್ರದ ಬೆಲೆ ಸೊನ್ನೆಯಾಯಿತೆಂದು ಕಂಡದ್ದು ಭ್ರಮೆ. ತೆರುವವರು ಬದಲಾದರು, ಅಷ್ಟೆ.

ಬಹುಮಂದಿ ಆಟಗಾರರು ಇದನ್ನು ಯೋಚಿಸದೆಯೇ ಮುಂದೆ ಸಾಗುತ್ತಾರೆ. ಆದರೆ 2012ರಲ್ಲಿ ಹೊರಬಂದ ‘ಡಾನ್‌ಗಾರ್ಡ್’ ಎಂಬ ಅನುಬಂಧ ಅವರನ್ನು ‘ಸೋಲ್ ಕೇರ್ನ್’ ಎಂಬ ಲೋಕಕ್ಕೆ ಕರೆದೊಯ್ಯುತ್ತದೆ. ಕಪ್ಪು ರತ್ನಗಳಲ್ಲಿ ಸೆರೆಯಾದ ಆತ್ಮಗಳು ಕೊನೆಗೆ ಸೇರುವ ಠಾವು ಅದು. ಕಳೆಗುಂದಿದ ಆಕಾಶದ ಕೆಳಗೆ, ಹಾಳುಬಿದ್ದ ಗೋಡೆಗಳ ನಡುವೆ ಅವು ಅಲೆಯುತ್ತಿರುತ್ತವೆ. ಜೀವಂತನಾದವನು ಅಲ್ಲಿಗೆ ಸುಮ್ಮನೆ ಹೋಗುವಂತಿಲ್ಲ. ರಕ್ತಪಿಪಾಸುವಾಗಿ ಮಾರ್ಪಡಬೇಕು, ಇಲ್ಲವೇ ತನ್ನ ಆತ್ಮದ ಒಂದಂಶವನ್ನು ರತ್ನಕ್ಕೆ ಒಪ್ಪಿಸಿ, ಕುಗ್ಗಿದ ಬಲದಿಂದ ಒಳಗೆ ಕಾಲಿಡಬೇಕು. ಅಲ್ಲಿಯವರೆಗೆ ನೂರಾರು ಆತ್ಮಗಳನ್ನು ಕಲ್ಲಿಗಿಳಿಸಿದ ಮಾಂತ್ರಿಕನಿಗೆ ಆ ಕಲ್ಲಿನ ತಣ್ಪು ಆಗ ತಾನೇ ಮೊದಲ ಬಾರಿ ತಿಳಿಯುತ್ತದೆ.